ಅಂಟು, ಅಳ್ವಿ, ಉತ್ತತ್ತಿ

“ಯಾರ ಹಡದಾರಬೇ ಯವ್ವಾ?”

ಕಿರಾಣಿ ಅಂಗಡಿಯ ಕಾಳಪ್ಪ ತಕ್ಕಡಿಯಿಂದ ಕಣ್ಣೆತ್ತದೆ ಕೇಳಿದ. ಇಂದ್ರವ್ವ ಆಗಷ್ಟೇ ತನಗೆ ಬೇಕಾದ್ದನ್ನು ಹೇಳಿ ಮುಗಿಸಿದ್ದಳು: ಉಂಡಿಗೆ ಹಾಕುವ ಅಂಟು, ಅಳ್ವಿ ಬೀಜ, ಉತ್ತತ್ತಿ, ಒಣಕೊಬ್ಬರಿ, ಗಸಗಸಿ, ಬೆಲ್ಲ. ಹುನಗುಂದದ ಬಜಾರಿನಲ್ಲಿ ಇಷ್ಟನ್ನು ಒಟ್ಟಿಗೆ ಕೇಳಿದವರ ಮನೆಯಲ್ಲಿ ಬಾಣಂತಿ ಇದ್ದಾಳೆಂದೇ ಅರ್ಥ.

ಯಾರೂ ಇಲ್ಲ, ಕುವೈತಿಗೆ ಕಳಿಸುವುದಿದೆ ಎಂದಳು ಇಂದ್ರವ್ವ.

“ಅಲ್ಲೆ ಗೌಂಡಿ ಕೆಲಸ ಮಾಡೂ ಗಂಡಸರೂ ಹಡಿಯಾಕ ಹತ್ತ್ಯಾರೇನ ಮತ್ತ?”

ಪಕ್ಕದಲ್ಲಿ ನಿಂತಿದ್ದ ಹೆಂಗಸು ಬಾಯಿಗೆ ಸೆರಗು ಹಿಡಿದಳು. ಇಂದ್ರವ್ವನೂ ನಗಲು ನೋಡಿದಳು. ಆಗಲಿಲ್ಲ. ಅವಳ ಹಿಂದೆ ತನ್ನ ಚೀಲ ಹಿಡಿದು ನಿಂತಿದ್ದ ರಾಜಮಹ್ಮದನೂ ನಗಲಿಲ್ಲ. ತಟ್ಟನೆ ರಸ್ತೆಯ ಕಡೆ ಮುಖ ತಿರುಗಿಸಿದ. ಅವಳು ಅದನ್ನು ಕಂಡಳು. ಈಚೆಗೆ ಅವಳ ಕಣ್ಣಿಗೆ ಬೀಳದೆ ಏನೂ ಹೋಗುತ್ತಿರಲಿಲ್ಲ.

ರಾಜಮಹ್ಮದ ಅದೇ ಓಣಿಯವನು. ಅವಳ ಗಂಡ ಅಮಾತೆಪ್ಪನ ಜೊತೆಗೇ ಕಟ್ಟಡ ಕಟ್ಟುವ ಕೆಲಸಕ್ಕೆ ಕುವೈತಿಗೆ ಹೋದವನು. ಇಬ್ಬರಿಗೂ ಒಂದೇ ಕೋಣೆ, ಒಂದೇ ಒಲೆ. ರಜೆಗೆ ಬಂದವನು ಮರಳುವಾಗ ಕೋಣೆಯವರೆಲ್ಲರ ಬಾಯಿರುಚಿಯನ್ನು ಹೊತ್ತೊಯ್ಯಬೇಕೆಂಬುದು ಅವರೊಳಗಿನ ಕಟ್ಟಳೆ. ಅಲ್ಲಿ ಶುಕ್ರವಾರ ಬಿಡುವು ಸಿಕ್ಕರೆ ಇಬ್ಬರೂ ಬಿಸಿಲಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದರಂತೆ. ಅಕ್ಕಿ ಬೇಕಾದಷ್ಟು, ಮೈದಾ ಬೇಕಾದಷ್ಟು. ಜೋಳದ ಹಿಟ್ಟು ಕೇಳಿದರೆ ಅಂಗಡಿಯವನು ಇವರ ಮುಖ ನೋಡುತ್ತಿದ್ದನಂತೆ. ಒಮ್ಮೆ ಗುರೆಳ್ಳು ಎಂದುಕೊಂಡು ತಂದ ಕರಿ ಬೀಜ ಬೇರೇನೋ ಆಗಿ, ಚಟ್ನಿ ಕಹಿಯಾಗಿ, ಅಮಾತೆಪ್ಪ ಹಟಕ್ಕೆ ಬಿದ್ದು ಅದನ್ನೇ ತಿಂದು ಮುಗಿಸಿದ್ದನಂತೆ.

ಹೋದ ಸಲ ಅವನು ಹೇಳಿ ಕಳಿಸಿದ್ದು ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಈ ಸಲ ರೊಟ್ಟಿಯ ಸುದ್ದಿಯೇ ಇಲ್ಲ. ಅಂಟು, ಅಳ್ವಿಯ ಉಂಡಿ ಬೇಕಂತೆ. ಔಡಲೆಣ್ಣೆ ಬೇಕಂತೆ. ತೊಳೆದು ತೊಳೆದು ಮೆತ್ತಗಾದ ಹಳೆಯ ಧೋತರ ಬೇಕಂತೆ. ಇದನ್ನೆಲ್ಲ ಹೇಳುವಾಗ ರಾಜಮಹ್ಮದ ನೆಲ ನೋಡುತ್ತಿದ್ದ.

ಎಣ್ಣೆ ಕೂಸಿನ ನೆತ್ತಿಗೆ. ಧೋತರ ಕೂಸಿನ ಕೆಳಗೆ ಹಾಸಲು. ಇಂದ್ರವ್ವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅವನ ಕೈಬರಹದ ಕಾಗದ ಬರುವುದು ನಿಂತು ಒಂದು ಮಳೆಗಾಲವೇ ಕಳೆದಿತ್ತು. ಅದರ ಬದಲು ರಾಜಮಹ್ಮದ ಒಂದು ಕ್ಯಾಸೆಟ್ಟು ತಂದಿದ್ದ. ಅವನ ಮನೆಯ ಟೇಪ್‌ರೆಕಾರ್ಡರಿನ ಮುಂದೆ ಕುಳಿತು ಅವಳು ಕೇಳಿದಳು. ಹಾಸಿಗೆಯಿಂದ ಇನ್ನೂ ಏಳದವನ ಹಾಗೆ ಅಮಾತೆಪ್ಪ ಸಣ್ಣಗೆ ಮಾತಾಡುತ್ತಿದ್ದ. ತಾನು ಆರಾಮ ಇದ್ದೇನೆ, ನೀನು ಚಿಂತೆ ಮಾಡಬೇಡ ಎಂದ. ನಡುವೆ ಒಬ್ಬ ಹೆಂಗಸಿನ ದನಿ ಬಂತು. ಭಾಷೆ ತಿಳಿಯಲಿಲ್ಲ, ಸಲಿಗೆ ತಿಳಿಯಿತು. ಕಟ್ಟಿಕೊಂಡವಳು ಗದರಿಸುವ ಹಾಗೆ ಗದರಿಸುತ್ತಿದ್ದಳು. ಅವನು “ಹಾಂ, ಹಾಂ” ಎಂದು ತಗ್ಗಿ ಒಪ್ಪಿಕೊಂಡ. ಅಲ್ಲಿಗೇ ಕ್ಯಾಸೆಟ್ಟು ಕಟ್ಟಾಯಿತು. ಅದು ಯಾರೆಂದು ಕೇಳಿದ್ದಕ್ಕೆ ರಾಜಮಹ್ಮದ ರೇಡಿಯೋ ಇರಬೇಕು ಎಂದಿದ್ದ.

ಕೂಗಾಡಲು ಅವಳಲ್ಲಿ ತ್ರಾಣವಿರಲಿಲ್ಲ. ಹೆತ್ತ ಒಂದೇ ಕೂಸು ಹೆಸರಿಡುವ ಮೊದಲೇ ಹೋಗಿತ್ತು. ಆಮೇಲೆ ಬಸಿರು ನಿಂತಿರಲಿಲ್ಲ. ಅವನು ಇನ್ನೊಂದು ತೊಟ್ಟಿಲು ಕಟ್ಟಿಕೊಂಡಿದ್ದರೆ ಇವಳು ಯಾವ ಬಾಯಿಂದ ಕೇಳಬೇಕು? ಕುವೈತಿನ ಗಂಟು ಕಳಿಸಿದ ಮರುದಿನ ಮನೆಗೆ ಬೀಗ ಹಾಕಿ ಕಮತಗಿಯ ತವರಿಗೆ ಹೋಗುವುದು, ತಿರುಗಿ ಬರುವುದಿಲ್ಲ. ಅಷ್ಟು ನಿಶ್ಚಯವಾಗಿತ್ತು. ಸೀರೆಗಳನ್ನು ಆಗಲೇ ಗಂಟು ಕಟ್ಟಿದ್ದಳು.

ಆದರೂ ಉಂಡಿಯನ್ನು ಕೆಡಿಸಲು ಕೈ ಒಪ್ಪಲಿಲ್ಲ. ತುಪ್ಪದಲ್ಲಿ ಅಂಟು ಅರಳುವವರೆಗೆ ಕಾದಳು. ಉತ್ತತ್ತಿ ಕುಟ್ಟಿದಳು, ಅಳ್ವಿ ಹುರಿದಳು, ಬೆಲ್ಲದ ಪಾಕ ಹಿಡಿದಳು. ಬಾಣಂತಿ ಯಾರಾದರೇನು, ಬಾಣಂತಿಯೇ. ತೊಟ್ಟಿಲು ಬರಿದಾದ ಮೇಲೂ ಅತ್ತೆ ತನಗೆ ಇದನ್ನೇ ತಿನ್ನಿಸಿದ್ದರು.

ಕೊನೆಗೆ ಟ್ರಂಕಿನ ತಳದಿಂದ ಕುಂಚಿಗಿ ತೆಗೆದಳು. ಕೂಸಿನ ತಲೆಗೆ ಕಟ್ಟುವ ಖಣದ ಟೊಪ್ಪಿಗೆ. ಅವಳೇ ಹೊಲಿದದ್ದು, ಒಂದೇ ಸಲ ಕಟ್ಟಿದ್ದು. ಅದನ್ನು ಮಡಚಿ ಉಂಡಿಯ ಗಂಟಿನ ಮೇಲೆಯೇ ಇಟ್ಟಳು. ತನಗೆ ಗೊತ್ತಾಗಿದೆ ಎಂಬುದು ಅವನಿಗೂ ಗೊತ್ತಾಗಲಿ.

ಹೊರಡುವ ದಿನ ಬೆಳಿಗ್ಗೆ ರಾಜಮಹ್ಮದ ತನ್ನ ಮನೆಯ ಪಡಸಾಲೆಯಲ್ಲಿ, ಇಂದ್ರವ್ವನ ಎದುರಿಗೇ, ಎಲ್ಲರ ಗಂಟುಗಳನ್ನೂ ಬಿಚ್ಚಿ ಒಂದೇ ಚೀಲಕ್ಕೆ ಹೊಂದಿಸುತ್ತಿದ್ದ. ಕುಂಚಿಗಿ ಕೈಗೆ ಬಂದಾಗ ನಿಂತ.

“ಇದ್ಯಾಕ ತಂಗಿ?”

“ಕೂಸಿಗಿ.” ಇಂದ್ರವ್ವನ ದನಿ ಏರಲಿಲ್ಲ. “ಹೆಣ್ಣೋ ಗಂಡೋ ನಾ ಕೇಳೂದಿಲ್ಲಣ್ಣ. ನಾ ಇನ್ನ ಆ ಮನ್ಯಾಗ ಇರೂದಿಲ್ಲಂತ ಅವರಿಗಿ ಹೇಳ್ರಿ. ಅಷ್ಟ ಸಾಕು.”

ರಾಜಮಹ್ಮದ ಕುಂಚಿಗಿಯನ್ನು ಹಿಡಿದುಕೊಂಡೇ ನೆಲಕ್ಕೆ ಕುಳಿತ. ನಿನಗೆ ಹೇಳುವುದಿಲ್ಲ ಎಂದು ಅವನ ಕೈ ಮುಟ್ಟಿ ಆಣೆ ಮಾಡಿ ಬಂದಿದ್ದೇನೆ ಎಂದ. ಆಮೇಲೆ ಅವಳ ಮುಖ ನೋಡಿದ, ಊರಿಗೆ ಬಂದಂದಿನಿಂದ ಮೊದಲ ಸಲ.

“ಯಾವ ಕೂಸವ್ವಾ? ಮೂರನೇ ಮಾಳಿಗಿ ಮ್ಯಾಲಿಂದ ಬಿದ್ದು ಎರಡೂ ಕಾಲ, ಬಲಗೈ ಮುರಕೊಂಡು ದವಾಖಾನ್ಯಾಗ ಮಲಗ್ಯಾನ. ಎಲುಬ ಕೂಡಲಿ ಅಂತ ಅಂಟು ಅಳ್ವಿ, ತಿಕ್ಕಾಕ ಎಣ್ಣಿ, ಬೆನ್ನಿನ ಕೆಳಗ ಹಾಸಾಕ ಧೋತರ ಬೇಡ್ಯಾನ, ಉಣ್ಣಲಿಲ್ಲಂದ್ರ ಆ ಕ್ಯಾಸೆಟ್ಟಿನ್ಯಾಗಿನ ನರ್ಸಬಾಯಿ ಹಂಗ ಬೈತಾಳ.”