ಎರಡು ಬಂದೂಕಿನ ಉಸ್ತಾದ

ಪೊಲೀಸ್ ತರಬೇತಿಯ ಮೈದಾನದಲ್ಲಿ ಮಲಗಿ ಒಂದು ಗುಂಡು ಹಾರಿಸಿ ತೋರಿಸಿದ ಉಸ್ತಾದ ಬಸಲಿಂಗಪ್ಪ ನೆಲದಿಂದ ಮೇಲೆದ್ದು ಹಿಂದಕ್ಕೆ ತಿರುಗಿದ. ಅವನ ಜೊತೆಗೆ ಕೈಯಲ್ಲಿದ್ದ ರೈಫಲ್ಲೂ ತಿರುಗಿತು. ಹಿಂದೆ ನಿಂತು ನೋಡುತ್ತಿದ್ದ ಮಾಯಕ್ಕ, ಎದೆಗೆ ನೇರವಾಗಿ ಬಂದ ನಳಿಗೆಯನ್ನು ಅಂಗೈಯಿಂದ ಪಕ್ಕಕ್ಕೆ ತಳ್ಳಿದಳು.

"ಉಸ್ತಾದ್ರ, ಒಳಗ ಗುಂಡು ಐತ್ರಿ."

"ಎಲ್ಲೈತಿ? ನಾ ಬೋಲ್ಟ್ ಎಳದೇ ಇಲ್ಲಲ್ಲ..." ಎನ್ನುತ್ತಿದ್ದಂತೆ ಬಸಲಿಂಗಪ್ಪ ಬಂದೂಕಿನತ್ತ ನೋಡಿದ. ಕೈಯಲ್ಲಿದ್ದದ್ದು ಥ್ರೀ ನಾಟ್ ಥ್ರೀ ಅಲ್ಲ, ಎಸ್‌ಎಲ್‌ಆರ್. ಬೆರಳು ಇನ್ನೂ ಟ್ರಿಗರ್ ಮೇಲೇ ಇತ್ತು. ಅವಸರದಿಂದ ಮ್ಯಾಗಜಿನ್ ಬಿಚ್ಚಿ, ಎಡಗಡೆಯ ಹಿಡಿ ಎಳೆದ. ಹಿತ್ತಾಳೆಯ ಹೊಸ ಗುಂಡೊಂದು ಹೊರಗೆ ಹಾರಿ ಹುಲ್ಲಿಗೆ ಬಿತ್ತು. ಉಳಿದ ಪೊಲೀಸ್ ಹುಡುಗಿಯರೆಲ್ಲ ದೂರದಲ್ಲಿ ಟ್ರಕ್ಕಿನ ಹತ್ತಿರ ಚಹಾಕ್ಕೆ ಸಾಲು ನಿಂತಿದ್ದರು, ಯಾರೂ ನೋಡಲಿಲ್ಲ.

ಥ್ರೀ ನಾಟ್ ಥ್ರೀ ಹಳೆಯ ಕಾಲದ ಮರ್ಯಾದಸ್ಥ ಬಂದೂಕು. ಒಂದು ಗುಂಡು ಹಾರಿದ ಮೇಲೆ ಇನ್ನೊಂದು ಬೇಕಾದರೆ ಬೋಲ್ಟನ್ನು ನೀವೇ ಎಳೆಯಬೇಕು. ಎಳೆಯದಿದ್ದರೆ ಅದು ಬರೀ ದೊಣ್ಣೆ. ಎಸ್‌ಎಲ್‌ಆರ್ ಯಾರನ್ನೂ ಕೇಳುವುದಿಲ್ಲ. ಒಂದು ಹಾರಿದ ಕೂಡಲೇ ಇನ್ನೊಂದನ್ನು ತಾನೇ ತುಂಬಿಕೊಂಡು ಕೂರುತ್ತದೆ. ಇಲ್ಲಿ ಕಲಿತವರನ್ನು ಬೆಳಗಾವಿಯ ಮೀಸಲು ಪಡೆಗೆ ಹಾಕಿದರೆ ಕೈಗೆ ಬರುವುದು ಎಸ್‌ಎಲ್‌ಆರ್; ಖಾನಾಪುರದ ಕಾಡಂಚಿನ ಠಾಣೆಗೆ ಹಾಕಿದರೆ ಥ್ರೀ ನಾಟ್ ಥ್ರೀ. ಹಾಗಾಗಿ ಬೆಳಿಗ್ಗೆ ಥ್ರೀ ನಾಟ್ ಥ್ರೀ, ಬಿಸಿಲೇರಿದ ಮೇಲೆ ಎಸ್‌ಎಲ್‌ಆರ್, ಎರಡನ್ನೂ ಒಬ್ಬನೇ ಉಸ್ತಾದ ಕಲಿಸಬೇಕು. ಅದು ತನ್ನೊಬ್ಬನಿಂದ ಮಾತ್ರ ಆಗುವ ಕೆಲಸವೆಂದು ಬಸಲಿಂಗಪ್ಪ ಮೀಸೆ ತಿರುವುತ್ತಿದ್ದ. ಈ ಜಾಗ ಸಿಗಲೆಂದು ವರ್ಷಗಟ್ಟಲೆ ಗೇಟು ಕಾದವನು ಅವನು.

ನಿನ್ನೆಯಷ್ಟೇ ಮಾಯಕ್ಕನನ್ನು ಎಲ್ಲರೆದುರು ಬೈದಿದ್ದ. ಥ್ರೀ ನಾಟ್ ಥ್ರೀಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಎಸ್‌ಎಲ್‌ಆರ್ ಹಿಡಿದಾಗಲೂ ಅವಳ ಬಲಗೈ ಪ್ರತಿ ಗುಂಡಿಗೆ ಇಲ್ಲದ ಬೋಲ್ಟನ್ನು ಹುಡುಕಿಕೊಂಡು ಹೋಗುತ್ತಿತ್ತು, ಗುರಿ ಕೆಡುತ್ತಿತ್ತು. "ನಿನ್ನ ಕೈಗೆ ಯಾವಾಗ ಬುದ್ಧಿ ಬರತೈತಿ?" ಎಂದು ಕೂಗಾಡಿದ್ದ. ಈಗ ಉಸ್ತಾದನ ಕೈಗೇ ಬುದ್ಧಿ ಹೇಳುವವರು ಬೇಕಾಗಿತ್ತು.

ಊಟದ ಹೊತ್ತಿಗೆ ರೊಟ್ಟಿ ಮುರಿದನೇ ಹೊರತು ತಿನ್ನಲಿಲ್ಲ. ಕುಳಿತ, ಎದ್ದ, ನೀರಿನ ಡ್ರಮ್ಮಿನ ತನಕ ಹೋಗಿ ನೀರು ಕುಡಿಯದೆ ವಾಪಸು ಬಂದ. ಅವಳು ಇನ್‌ಸ್ಪೆಕ್ಟರ್ ಗಜಾನನ ಅವರ ಕಿವಿಗೆ ಒಂದು ಮಾತು ಹಾಕಿದರೆ ಮತ್ತೆ ಗೇಟೇ ಗತಿ. ಹಾಕದಿದ್ದರೆ ಯಾಕೆ ಹಾಕಲಿಲ್ಲ ಎಂಬ ತಳಮಳ ಬೇರೆ. ತಡೆಯಲಾರದೆ ಅವಳನ್ನು ಮರದ ಬುಡಕ್ಕೆ ಕರೆದ.

"ಯಾರಿಗರೆ ಹೇಳಿದೇನು?"

"ಇಲ್ರಿ."

"ಯಾಕ?"

ಮಾಯಕ್ಕ ಬೂಟಿನ ತುದಿ ನೋಡುತ್ತ ಹೇಳಿದಳು, "ಮಧ್ಯಾಹ್ನ ನಂದು ಎಸ್‌ಎಲ್‌ಆರ್ ಕಡೀ ಪರೀಕ್ಷಾ ಐತ್ರಿ, ಉಳದವ್ರೆಲ್ಲ ಪಾಸಾಗ್ಯಾರ. ಇದರಾಗ ನಪಾಸಾದ್ರ ಮನಿಗೆ ಕಳಸ್ತಾರ. ನಮ್ಮೂರು ಕಾಕತಿಗೆ ಹೋದ್ನೆಂದ್ರ ನಮ್ಮಪ್ಪ ಮತ್ತ ಹೊಳ್ಳಿ ಬಿಡಂಗಿಲ್ರಿ, ಲಗ್ನ ಮಾಡೇ ಬಿಡ್ತಾನ."

ಇದು ಬೇಡಿಕೆಯೋ ಬೆದರಿಕೆಯೋ ಬಸಲಿಂಗಪ್ಪನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಮಧ್ಯಾಹ್ನ ಮಾಯಕ್ಕ ಮಲಗಿ ಗುರಿ ಹಿಡಿದಳು. ಬಸಲಿಂಗಪ್ಪ ಗುರಿಹಲಗೆಯನ್ನು ನೋಡಲೇ ಇಲ್ಲ, ಅವಳ ಬಲಗೈಯನ್ನೇ ನೋಡುತ್ತಿದ್ದ. ಮೊದಮೊದಲು ಕೈ ಜಾಗ ಬಿಡಲಿಲ್ಲ. ಆಮೇಲೆ ಇಲ್ಲದ ಬೋಲ್ಟಿನತ್ತ ಚಿಮ್ಮಿತು, ಮತ್ತೊಮ್ಮೆ ಚಿಮ್ಮಿತು. ಗುಂಡು ಮುಗಿದ ಮೇಲೆ ರೈಫಲ್ ಖಾಲಿ ಮಾಡಿಸಿ ನೆಲಕ್ಕಿಡಿಸಿ, ತೂತು ಎಣಿಸಲು ಒಬ್ಬನೇ ಹೋದ. ಎಣಿಸಿದ, ಮತ್ತೆ ಎಣಿಸಿದ. ಪಾಸಾಗಲು ಒಂದೇ ಒಂದು ಕಡಿಮೆ.

ಗುಂಡಿನ ತೂತಿಗೂ ಪೆನ್ಸಿಲ್ ಚುಚ್ಚಿದ ತೂತಿಗೂ ನಾಲ್ಕು ಮಾರು ದೂರದಿಂದ ಯಾರೂ ವ್ಯತ್ಯಾಸ ಹೇಳಲಾರರು. ಉಸ್ತಾದರಿಗೆ ಈ ವಿದ್ಯೆ ಹೊಸದೂ ಅಲ್ಲ. ಒಂದು ಚುಚ್ಚು ಸಾಕು: ಅವಳ ನೌಕರಿ ಉಳಿಯುತ್ತದೆ, ಅವಳ ಬಾಯಿ ಮುಚ್ಚಿರುತ್ತದೆ, ತನ್ನ ಜಾಗವೂ ಭದ್ರ. ಕಿಸೆಯಿಂದ ಪೆನ್ಸಿಲ್ ತೆಗೆದು ಕಾಗದಕ್ಕೆ ಒತ್ತಿದ. ಕಾಗದ ತಗ್ಗಾಯಿತು, ಹರಿಯಲಿಲ್ಲ. ತಿರುಗಿ ನೋಡಿದರೆ ಆಚೆ ತುದಿಯಲ್ಲಿ ಮಾಯಕ್ಕ ಕೈ ಹಿಂದೆ ಕಟ್ಟಿ ನಿಂತಿದ್ದಳು. ಹುಡುಗಿಯನ್ನು ಕಂಡು ಅವನಿಗೆ ಅಯ್ಯೋ ಅನಿಸಿತು. ಆದರೆ ಬೆಳಿಗ್ಗೆ ತನ್ನ ನಳಿಗೆಯನ್ನು ಪಕ್ಕಕ್ಕೆ ತಳ್ಳಲು ಅವಳಿದ್ದಳು. ನಾಳೆ ಪೀರನವಾಡಿಯಲ್ಲೋ ಸಾಂಬ್ರಾದಲ್ಲೋ ಬಂದೋಬಸ್ತಿನ ಗದ್ದಲದಲ್ಲಿ ಅವಳ ನಳಿಗೆ ಯಾರದೋ ಎದೆಗೆ ತಿರುಗಿದರೆ ತಳ್ಳುವವರು ಯಾರು? ಪೆನ್ಸಿಲನ್ನು ಕಿಸೆಗೆ ಹಾಕಿಕೊಂಡ.

ಇನ್‌ಸ್ಪೆಕ್ಟರ್ ಗಜಾನನ ಶಾಮಿಯಾನದ ಕೆಳಗೆ ಮೇಜು ಹಾಕಿಸಿಕೊಂಡು ಕುಳಿತಿದ್ದರು. ಮಾಯಕ್ಕ ಒಂದು ಬದಿಗೆ ಬಂದು ನಿಂತಳು.

"ಏನಾತ್ರಿ ಬಸಲಿಂಗಪ್ಪ?"

"ಇಬ್ರು ನಪಾಸ್ ಆಗ್ಯಾರ್ರಿ ಸಾಹೇಬ್ರ."

"ಇವತ್ತ ಪರೀಕ್ಷಾ ಇದ್ದದ್ದು ಮಾಯಕ್ಕಗ ಒಬ್ಬಾಕಿಗೆ. ಇನ್ನೊಬ್ರು ಯಾರು?"

ಬಸಲಿಂಗಪ್ಪ ತನ್ನ ಕೊರಳಲ್ಲಿದ್ದ ಉಸ್ತಾದಿಕೆಯ ಸೀಟಿಯನ್ನು ತೆಗೆದು ಮೇಜಿನ ಮೇಲಿಟ್ಟ.