ಕ್ಲಾರಿಯ ಸರದಿ

"ಈ ಸುತ್ತು ನಂದು," ಎಂದು ಕ್ಲಾರಿ ಟೇಬಲ್ಲಿನ ಪಕ್ಕದ ಸ್ಟೂಲಿನಿಂದ ಇಳಿಯುವಷ್ಟರಲ್ಲಿ ಡಾರ್ಸಿ ಆಗಲೇ ಕೌಂಟರಿನ ಮೇಲೆ ನೋಟು ಇಟ್ಟಾಗಿತ್ತು.

"ಕೂತ್ಕೊ ಯಜಮಾನ. ನಿನ್ನ ಪಿಂಚಣಿ ನಿನ್ನ ನಾಯಿಗಿರಲಿ."

ಕ್ಲಾರಿ ಕೂತ. ಕುರ್ರಾಬಿನ್ ಊರಿಗೆ ಇರುವುದು ಒಂದೇ ಪಬ್ಬು, ಆ ಪಬ್ಬಿಗೆ ಇರುವುದು ಒಂದೇ ಕಾನೂನು: ಜೊತೆಗೆ ಕೂತು ಕುಡಿಯುವವರು ಒಬ್ಬರಾದ ಮೇಲೊಬ್ಬರು ಎಲ್ಲರಿಗೂ ಕುಡಿಸಬೇಕು. ಇದಕ್ಕೆ ಇಲ್ಲಿ 'ಶೌಟ್' ಎನ್ನುತ್ತಾರೆ. ತನ್ನ ಸರದಿ ಬರುವ ಮೊದಲೇ ಜಾಗ ಖಾಲಿ ಮಾಡಿದವನನ್ನು ಅವನ ಮನೆ ಕುರಿಯೂ ತಿರುಗಿ ನೋಡುವುದಿಲ್ಲ. ಆದರೆ ಸರದಿಯನ್ನೇ ಕೊಡದೆ ಕೂರಿಸಿದವನ ಗತಿ ಏನು? ಬೆನ್ನು ಕೈಕೊಟ್ಟು, ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ಬಿಟ್ಟಾಗಿನಿಂದ ಪ್ರತಿ ಶುಕ್ರವಾರ ಕ್ಲಾರಿಗೆ ಡಾರ್ಸಿಯೇ ಕುಡಿಸುತ್ತಿದ್ದ. ಒಳ್ಳೆಯ ಮನಸ್ಸಿನಿಂದಲೇ. ಆ ಬಿಯರು ಮಾತ್ರ ಇತ್ತೀಚೆಗೆ ಕ್ಲಾರಿಯ ಗಂಟಲಲ್ಲಿ ಕಷಾಯದ ಹಾಗೆ ಇಳಿಯುತ್ತಿತ್ತು.

"ಹಾಗಾದ್ರೆ ಪದದ ಆಟ ಆಡೋಣ," ಎಂದ ಕ್ಲಾರಿ. "ಸೋತವನು ಮುಂದಿನ ಸುತ್ತು ಕುಡಿಸ್ಬೇಕು. ಆಗ ಯಾರೂ ಅಡ್ಡ ಬರೋ ಹಾಗಿಲ್ಲ."

ಅದು ಕುರಿ ಶೆಡ್ಡಿನ ಆಟ. ಚಹಾದ ಬಿಡುವಿನಲ್ಲಿ ಯಾರಾದರೂ ಒಂದು ಪದ ಎಸೆಯುತ್ತಿದ್ದರು. ಅದು ಎಲ್ಲಿಂದ ಬಂತೆಂದು ನಂಬುವ ಹಾಗೆ ಹೇಳಿದವನು ಗೆದ್ದ. ಕ್ಲಾರಿ ಅದರಲ್ಲಿ ಸೋತದ್ದನ್ನು ಕಂಡವರಿಲ್ಲ. ಡಾರ್ಸಿ ನಿಶ್ಚಿಂತೆಯಿಂದ ಒಪ್ಪಿಕೊಂಡ.

ಗ್ಲಾಸು ಒರೆಸುತ್ತಿದ್ದ ಪಬ್ಬಿನ ಒಡತಿ ನೋಲೀನ್ ತಾನೇ ತೀರ್ಪುಗಾರ್ತಿಯಾದಳು. "ಪದ ನಾನು ಕೊಡ್ತೀನಿ. 'ಶೌಟ್'. ಕೂಗೋದಕ್ಕೂ ಅದೇ, ಕುಡಿಸೋದಕ್ಕೂ ಅದೇ. ಇಂಗ್ಲೆಂಡಲ್ಲಿ ನನ್ನ ತಮ್ಮ ಫೈರ್ ಇಂಜಿನ್ನಲ್ಲಿ ಬೆಂಕಿ ಆರಿಸೋಕೆ ಓಡ್ತಾನಲ್ಲ, ಆ ಕರೆಗೂ ಅದೇ ಹೆಸರಂತೆ. ಎಲ್ಲಿಂದ ಬಂತಪ್ಪ ಇದು? ಕ್ಲಾರಿ, ನೀನು ಮೊದಲು."

ಚಿನ್ನ ಅಗೆಯುವ ಕಾಲದಲ್ಲಿ ಅದೃಷ್ಟ ಕುದುರಿದವನೊಬ್ಬ ಪಬ್ಬಿನ ಬಾಗಿಲಲ್ಲಿ ನಿಂತು ಊರನ್ನೆಲ್ಲ ಕೂಗಿ ಕರೆದು ಕುಡಿಸಿದ ಕಥೆಯನ್ನು ಕ್ಲಾರಿಯ ಬಾಯಲ್ಲೇ ಕೇಳಬೇಕು. ನೋಲೀನ್ ಅದಕ್ಕೇ ಕಾದಳು. ಕ್ಲಾರಿ ಗಂಟಲು ಸರಿಮಾಡಿಕೊಂಡ.

"ಒಬ್ಬ ಪಾದ್ರಿ ಇದ್ದ. ಅವನ ಹೆಸರು ಶೌಟ್."

"ಆಮೇಲೆ?"

"ಆಮೇಲೆ ಸತ್ತ."

"ಅಷ್ಟೇನಾ?"

"ಅಷ್ಟೇ."

ಡಾರ್ಸಿಗೆ ಹೊಳೆಯಿತು. ಮುದುಕ ಬೇಕಂತಲೇ ಸೋಲುತ್ತಿದ್ದಾನೆ! "ನಂದೂ ಕೇಳಕ್ಕಾ," ಎಂದು ಮುನ್ನುಗ್ಗಿದ. "ಅದು ಕುರಿಗೆ ನೆಗಡಿ ಆದಾಗ ಬರೋ ಸದ್ದು."

"ಪರವಾಗಿಲ್ಲ, ಇದರಲ್ಲಿ ಸದ್ದಾದ್ರೂ ಇದೆ," ಎಂದಳು ನೋಲೀನ್.

ಡಾರ್ಸಿಗೆ ಗಾಬರಿಯಾಯಿತು. "ತಡಿ, ಆ ಕುರಿಗೆ ಕಿವಿ ಕೇಳ್ತಿರಲಿಲ್ಲ."

"ನಮ್ಮ ಪಾದ್ರಿಗೆ ಮೀಸೆ ಇತ್ತು," ಎಂದ ಕ್ಲಾರಿ ಅವಸರವಾಗಿ.

"ಕುರಿಗೂ ಇತ್ತು!"

ನೋಲೀನ್ ಬಟ್ಟೆಯನ್ನು ಕೌಂಟರಿಗೆ ಬಡಿದಳು. "ಇಬ್ಬರೂ ಮಾನಗೆಟ್ಟವರೇ. ನನ್ನ ಜನ್ಮದಲ್ಲಿ ಇಂಥ ದರಿದ್ರ ಆಟ ನೋಡಿಲ್ಲ. ಡಾರ್ಸಿ, ಕೊನೇ ಅವಕಾಶ. ಏನಾದ್ರೂ ಹೇಳೋ ಹಾಗಿದ್ರೆ ಹೇಳು."

ಇನ್ನೂ ಕೆಟ್ಟದ್ದೊಂದು ಡಾರ್ಸಿಯ ನಾಲಿಗೆ ತುದಿಯಲ್ಲೇ ಇತ್ತು. ಬಾಯಿ ತೆರೆಯುವಾಗ ಕ್ಲಾರಿಯ ಕಡೆ ನೋಡಿದ. ಕ್ಲಾರಿ ನಗುತ್ತಿರಲಿಲ್ಲ. ಮಡಿಸಿದ ನೋಟನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಪರೀಕ್ಷೆಯ ಫಲಿತಾಂಶ ಕೇಳಲು ಬಂದವನ ಹಾಗೆ ನೋಲೀನಳ ಬಾಯನ್ನೇ ನೋಡುತ್ತಿದ್ದ.

ಡಾರ್ಸಿ ನಾಲಿಗೆಯ ಮೇಲಿದ್ದದ್ದನ್ನು ನುಂಗಿಕೊಂಡ.

"'ಶೂಟ್' ಅಂತೀವಲ್ಲ, ಅದರ ದಾಯಾದಿ ಅಂತೆ ಈ ಪದ," ಎಂದ ನಿಧಾನವಾಗಿ. "ಬಾಣ ಎಸೆದ ಹಾಗೆ ದನಿ ಎಸೆಯೋದು. ಗಲಾಟೆ ತುಂಬಿದ ಪಬ್ಬಲ್ಲಿ ಒಳಗಿನವರಿಗೆ ಕೇಳೋ ಹಾಗೆ ದನಿ ಎಸೆದು ತರಿಸಿದವನು ಯಾರೋ, ಖರ್ಚೂ ಅವನದೇ. ಹಾಗೆ ಕೂಗಿದ್ದೇ ಕುಡಿಸಿದ್ದಾಯ್ತು. ನಾನು ಶೆಡ್ಡಿಗೆ ಹೊಸದಾಗಿ ಬಂದಾಗ ನೀನೇ ಹೇಳಿದ್ದು, ಯಜಮಾನ."

"ಡಾರ್ಸಿ ಗೆದ್ದ!" ಎಂದಳು ನೋಲೀನ್. "ಕ್ಲಾರಿ, ಮಣ್ಣು ಮುಕ್ಕಿದೆ ಕಣಯ್ಯ. ನಾಳೆ ಊರಿಗೆಲ್ಲ ಹೇಳ್ತೀನಿ."

"ಹೇಳ್ಕೊ ಹೋಗು," ಎಂದ ಕ್ಲಾರಿ. ಅವನ ಮುಖ ಇಷ್ಟಗಲ ಆಗಿತ್ತು. "ಮೂರು ಗ್ಲಾಸು. ನಿಂಗೂ ಸೇರಿಸಿ. ನೀನೂ ನಮ್ಮ ಟೇಬಲ್ಲಿಗೆ ಬಾ."

ಮುಷ್ಟಿಯ ನೋಟನ್ನು ಕೌಂಟರಿನ ಮೇಲಿಟ್ಟು, ಮೂರನ್ನೂ ಒಟ್ಟಿಗೇ ಎತ್ತಿಕೊಂಡು, ಸೊಂಟ ಒಂದು ಕಡೆ ವಾಲಿಸಿ ಅವನು ಟೇಬಲ್ಲಿನ ಕಡೆ ಹೊರಟ. ಹೆಜ್ಜೆ ಹೆಜ್ಜೆಗೂ ಗ್ಲಾಸುಗಳು ತುಳುಕಿದವು. ನೊರೆ ಮಣಿಕಟ್ಟಿನಿಂದ ಮೊಳಕೈಗೆ, ಮೊಳಕೈಯಿಂದ ನೆಲಕ್ಕೆ ಇಳಿಯಿತು. ಡಾರ್ಸಿ ಅರ್ಧ ಎದ್ದವನು ಮತ್ತೆ ಕೂತ. ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿ, ಅವುಗಳ ಮೇಲೆ ಗಟ್ಟಿಯಾಗಿ ಕೂತುಬಿಟ್ಟ.