ನಾಲ್ಕನೇ ಮಹಡಿಯ ಮಿಂಚುಳ್ಳಿ

ಬೇಸಿಗೆ ಆಗಷ್ಟೇ ಶುರುವಾಗಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತು. ಕ್ಯಾಮೆರಾ ಅಂಗಡಿಗೆ ಮೂವರು ಬಂದರು. ಮುಂದೆ ಗಂಡ, ಹಿಂದೆ ಅವನ ತಾಯಿ, ನಡುವೆ ಹೆಂಡತಿ. ಯಾರನ್ನೋ ಕೋರ್ಟಿಗೆ ಕರೆದೊಯ್ಯುವ ಹಾಗಿತ್ತು ಆ ಸಾಲು.

ಗಂಡ ಪಕ್ಕದ ಬೀದಿಯ ಬೀಗದ ವ್ಯಾಪಾರಿ. ಕ್ಯಾಮೆರಾ ಅಂಗಡಿಯ ಹಿರಿಯನಿಗೆ ಮುಖಪರಿಚಯವಿತ್ತು. ಈ ಹಿರಿಯನನ್ನು ಬೀದಿಯವರೆಲ್ಲ ಲೆನ್ಸ್ ತಾತ ಎನ್ನುತ್ತಿದ್ದರು.

“ಇವಳಿಗೊಂದು ಹಕ್ಕಿ ಫೋಟೋ ತೆಗೆಯೋ ಕ್ಯಾಮೆರಾ ಬೇಕು,” ಎಂದ ಗಂಡ. “ಮೂರು ತಿಂಗಳಿಂದ ಸರಿಯಾಗಿ ಊಟ ಇಲ್ಲ, ಮಾತಿಲ್ಲ. ಏನಾದ್ರೂ ಹವ್ಯಾಸ ಇರಲಿ ಅಂದ್ರು ಡಾಕ್ಟರು. ಮದುವೆಗೆ ಮುಂಚೆ ಇದೇ ಹುಚ್ಚಿತ್ತಂತೆ.”

“ಎಲ್ಲಿಗೆ ಹೋಗಿ ತೆಗೀತಾರೆ? ಕಾಡಿಗಾ, ಕೆರೆಗಾ?”

“ಎಲ್ಲಿಗೂ ಇಲ್ಲ. ನಮ್ಮದು ನಾಲ್ಕನೇ ಮಹಡಿ. ಕಿಟಕಿ ಇದೆ, ದೂರಕ್ಕೆ ಕೆರೆ ಕಾಣುತ್ತೆ.”

ಅಷ್ಟರಲ್ಲಿ ಹೆಂಡತಿ ಮೇಜಿನ ಮೇಲಿದ್ದ ಚಿಕ್ಕದೊಂದು ಕ್ಯಾಮೆರಾ ಎತ್ತಿಕೊಂಡಿದ್ದಳು. ಕಣ್ಣಿಗಿಡುತ್ತಲೇ ಅವಳ ಮೊಣಕೈಗಳು ತಾವಾಗಿ ಪಕ್ಕೆಗೆ ಅಂಟಿದವು, ಉಸಿರು ನಿಂತಿತು. ಪಳಗಿದ ಕೈ ಎಂದು ತಾತನಿಗೆ ಗೊತ್ತಾಯಿತು.

“ಒಳ್ಳೇದನ್ನೇ ಹಿಡಿದಿದ್ದೀಯಮ್ಮ. ಹಗುರ. ಕುತ್ತಿಗೆಗೆ ಹಾಕ್ಕೊಂಡು ಇಡೀ ದಿನ ಓಡಾಡಬಹುದು.”

ಗಂಡನ ಮುಖ ಕಪ್ಪಿಟ್ಟಿತು. ತಾಯಿ ಸೊಸೆಯ ಕೈಯಿಂದ ಅದನ್ನು ಕಿತ್ತು ಮೇಜಿನ ಮೇಲಿಟ್ಟಳು.

“ಓಡಾಡೋದಂತೆ! ಮೊದಲು ಅದನ್ನ ಒಳಗಿಡಿ. ಭಾರದ್ದು ಯಾವುದಿದೆ?”

ತಾತ ಅಂಗಡಿಯಲ್ಲಿದ್ದ ಅತಿ ದೊಡ್ಡ ಲೆನ್ಸು ತೆಗೆದ. ತೋಳುದ್ದ ಇತ್ತು. ಅದಕ್ಕೊಂದು ದೊಡ್ಡ ಕ್ಯಾಮೆರಾ, ಹೊರಲು ಮೂರು ಕಾಲಿನ ಕಬ್ಬಿಣದಂಥ ಸ್ಟ್ಯಾಂಡು. ತಾಯಿ ಎರಡೂ ಕೈಯಿಂದ ಸ್ಟ್ಯಾಂಡು ಎತ್ತಿದಳು, ಇಳಿಸಿದಳು, ಕುಂಬಳಕಾಯಿ ತೂಗುವವಳ ಹಾಗೆ ಮತ್ತೆ ಎತ್ತಿದಳು.

“ಒಬ್ಬಳ ಕೈಲಿ ಆಗೋ ಮಾತಲ್ಲ. ಇದೇ ಇರಲಿ.”

ಮಗ ಆ ದಿನ ಮೊದಲ ಸಲ ನಕ್ಕ. “ನಮ್ಮಮ್ಮನ ತಲೆ ಅಂದ್ರೆ ತಲೆ.”

“ಮಳೆ ಬಿದ್ರೆ ಕೆಡುತ್ತಾ ಇದು?” ಎಂದಳು ತಾಯಿ.

“ಮನೆಯೊಳಗೆ ಎಲ್ಲಮ್ಮಾ ಮಳೆ?” ಎಂದ ಮಗ.

“ಕಿಟಕಿಗೆ ಎರಚಲು ಹೊಡೆಯಲ್ವೇನೋ? ದುಡ್ಡು ಸುರಿಯೋದಷ್ಟೇ ನಿನಗೆ ಗೊತ್ತು.”

ಸೊಸೆಯ ಕಣ್ಣು ಇನ್ನೂ ಚಿಕ್ಕ ಕ್ಯಾಮೆರಾದ ಮೇಲಿತ್ತು. “ಅತ್ತೆ, ನನಗೆ ಅದೇ ಸಾಕಿತ್ತು.”

“ನಿನ್ನನ್ನ ಯಾರು ಕೇಳಿದ್ರು? ಆ ಮನೆಗೆ ಕಾಲಿಟ್ಟು ಮೂವತ್ತೆಂಟು ವರ್ಷ ಆಯ್ತು ನನಗೆ. ಒಂದು ದಿನ, ಒಂದೇ ಒಂದು ದಿನ, ನನ್ನಿಷ್ಟಕ್ಕೆ ಆಚೆ ಹೋಗಿದ್ದೀನಾ? ಕೇಳು ನಿನ್ನ ಗಂಡನ್ನ.”

ಗಂಡ ಹೆಮ್ಮೆಯಿಂದ ತಲೆಯಾಡಿಸಿದ. “ಬಾಗಿಲಿಗೆ ನಮ್ಮಂಗಡಿ ಬೀಗ, ಯಜಮಾನ್ರೇ. ಕೀಲಿ ಅಮ್ಮನ ಹತ್ರ. ಇರುವೆಯೂ ದಾಟಲ್ಲ.”

ಬಂದ ಸಾಲಿನಲ್ಲೇ ಮೂವರೂ ಹೋದರು. ತನ್ನ ಕೈಯಾರೆ ಆ ಹುಡುಗಿಯ ಕಾಲಿಗೆ ಕಲ್ಲು ಕಟ್ಟಿ ಕಳಿಸಿದ ಹಾಗಾಯಿತು ತಾತನಿಗೆ.

ಮಳೆಗಾಲದಲ್ಲಿ ಗಂಡ ಒಬ್ಬನೇ ಬಂದ. ಕ್ಯಾಮೆರಾದ ಕಾರ್ಡು ಅಂಗೈಯಲ್ಲಿತ್ತು.

“ಈಗ ಊಟ ಮಾಡ್ತಾಳೆ. ನಗ್ತಾಳೆ. ಒಬ್ಬಳೇ ಹಾಡ್ಕೋತಾಳೆ.”

“ಒಳ್ಳೇದೇ ಆಯ್ತಲ್ಲ.”

“ಅದೇ ಅನುಮಾನ. ದಿನಾ ಸಂಜೆ ನಾನೇ ಕೂತು ಒಂದೊಂದು ಫೋಟೋನೂ ನೋಡ್ತೀನಿ. ಬರೀ ಹಕ್ಕಿ. ನೀವು ತಿಳಿದೋರು, ಒಂದ್ಸಲ ನೋಡಿ.”

ತಾತ ಕಂಪ್ಯೂಟರಿನಲ್ಲಿ ತೆರೆದ. ಮೊದಲು ಪಾರಿವಾಳ, ತಂತಿಯ ಮೇಲಿನ ಕಾಗೆ. ಎಲ್ಲವೂ ಮೇಲಿನಿಂದ ತೆಗೆದದ್ದು. ಆಮೇಲೆ ಒಂದು ಮಿಂಚುಳ್ಳಿ. ಕೊಕ್ಕಿನಲ್ಲಿ ಮೀನು, ಹಿಂದೆ ಹೊಳೆಯುವ ನೀರು. ಹಕ್ಕಿಯ ಕಣ್ಣು ನೋಡುವವನ ಕಣ್ಣಿಗೆ ಸಮನಾಗಿತ್ತು.

ತಾತನ ಬೆರಳು ನಿಂತಿತು. ಕೆರೆದಂಡೆಯ ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗದೆ ಅಂಥ ಫೋಟೋ ಬರುವುದಿಲ್ಲ. ನಾಲ್ಕನೇ ಮಹಡಿಯನ್ನು ನೀರಿನ ಮಟ್ಟಕ್ಕಿಳಿಸುವ ಲೆನ್ಸು ಇನ್ನೂ ಹುಟ್ಟಿಲ್ಲ. ಸಾಲದ್ದಕ್ಕೆ, ಫೋಟೋದ ಅಂಚಿನಲ್ಲಿ ಜೊಂಡುಹುಲ್ಲನ್ನು ಯಾರೋ ಬದಿಗೆ ಸರಿಸಿ ಹಿಡಿದಿದ್ದರು. ಮಬ್ಬಾಗಿ ಎರಡು ಬೆರಳ ತುದಿ. ಅವಳ ಕೈಗಳಂತೂ ಕ್ಯಾಮೆರಾದ ಮೇಲಿರಬೇಕು.

ಜೊತೆಗೆ ಯಾರೋ ಒಬ್ಬ ಇದ್ದಾನೆ.

ತಾನು ಒಂದು ಮಾತಾಡಿದರೆ ಸಾಕು, ಆ ಬಾಗಿಲಿಗೆ ಸಂಜೆಯೊಳಗೆ ಇನ್ನೊಂದು ಬೀಗ ಬೀಳುತ್ತದೆ.

“ಯಾಕೆ ಇದರಲ್ಲೇ ನಿಲ್ಲಿಸಿದ್ರಿ?”

“ಚೆನ್ನಾಗಿ ಬಂದಿದೆ ಅಂತ.”

“ಕಿಟಕಿಯಿಂದ ಇಷ್ಟು ಹತ್ರ ಕಾಣುತ್ತಾ?”

“ಅಷ್ಟು ದೊಡ್ಡ ಲೆನ್ಸು ಮತ್ಯಾಕೆ ಸ್ವಾಮಿ? ನಿಮ್ಮ ತಾಯಿಗೆ ಹೇಳಿ, ಆರಿಸಿದ್ದು ಸರಿಯಾಗಿದೆ ಅಂತ.”

ಗಂಡನ ಹುಬ್ಬು ಸಡಿಲವಾಯಿತು. ಅದನ್ನೇ ದೊಡ್ಡದಾಗಿ ಮಾಡಿಕೊಡಿ, ಅಂಗಡಿಗೆ ಹಾಕ್ತೀನಿ ಎಂದ. ಅವನು ಬೀದಿಯಲ್ಲಿ ನಿಲ್ಲಿಸಿದ್ದ ಸ್ಕೂಟರಿನತ್ತ ತಿರುಗಿದಾಗ ತಾತ ಫೋಟೋದ ಅಂಚು ಕತ್ತರಿಸಿದ. ಬೆರಳು ಹೋದವು, ಹಕ್ಕಿ ಉಳಿಯಿತು.

ಬೀಗದಂಗಡಿಯಲ್ಲಿ ಅದು ತೂಗಿತು. ಬಂದವರಿಗೆಲ್ಲ ಅವನು ಹೇಳುತ್ತಿದ್ದ: “ನಮ್ಮನೆ ಕಿಟಕಿಯಿಂದ ತೆಗೆದದ್ದು.” ಆ ದಾರಿಯಲ್ಲಿ ಹೋಗುವಾಗಲೆಲ್ಲ ತಾತ ತಲೆ ತಗ್ಗಿಸಿ ನಡೆಯುತ್ತಿದ್ದ. ಹುಡುಗಿಯನ್ನು ಉಳಿಸಿದೆನೋ, ಯಾರದೋ ಕೈಗೆ ಒಪ್ಪಿಸಿದೆನೋ ತಿಳಿಯುತ್ತಿರಲಿಲ್ಲ.

ಚಳಿ ಬಿದ್ದ ಮೇಲೆ, ಒಂದು ಮಂಗಳವಾರ, ಅಂಗಡಿ ಬಾಗಿಲು ತೆರೆಯುವ ಮುಂಚೆಯೇ ಗಂಡ ಹೊರಗೆ ನಿಂತಿದ್ದ. ಗಡ್ಡ ಬೋಳಿಸಿರಲಿಲ್ಲ. ಅಂಗಿಯ ಗುಂಡಿ ತಪ್ಪು ಕಾಜಕ್ಕೆ ಸೇರಿತ್ತು.

“ಹೋಗ್ಬಿಟ್ಟಳು, ಯಜಮಾನ್ರೇ. ನಿನ್ನೆ. ಕ್ಯಾಮೆರಾ, ಸ್ಟ್ಯಾಂಡು, ಏನೂ ಬಿಟ್ಟಿಲ್ಲ.”

“ಒಬ್ಬಳೇನಾ?” ತಾತನ ಬಾಯಿಂದ ಜಾರಿಬಿಟ್ಟಿತು.

“ಅಲ್ಲ. ಕೆಳಗಿನ ಮನೆಯವರು ನೋಡಿದ್ದಾರೆ. ಇಬ್ಬರೂ ದಿನಾ ಹೋಗ್ತಿದ್ರಂತೆ, ನಾನು ಅಂಗಡಿಗೆ ಹೋದ ಮೇಲೆ. ನನಗೂ ಗೊತ್ತಿದೆ ಅಂತ ಕೆಳಗಿನವರು ಅಂದ್ಕೊಂಡಿದ್ರಂತೆ.”

ತಾತ ಸ್ಟೂಲು ಎಳೆದು ಅವನನ್ನು ಕೂರಿಸಿದ. ಇನ್ನೇನು ಒಬ್ಬ ಗಂಡಸಿನ ಹೆಸರು ಹೊರಬೀಳುತ್ತದೆ ಎಂದು ಕಾದ.

“ಯಾರ ಜೊತೆ?”

ಅವನು ತಲೆಯೆತ್ತಿ ತಾತನತ್ತ ನೋಡಿದ. ಬೆಳಗಿನ ತಿಂಡಿ ಯಾರೂ ಕೊಡದ ಮನುಷ್ಯನ ಮುಖ ಅದು.

ಸೋಮವಾರ ಬೆಳಿಗ್ಗೆ ಅವನ ಹೆಂಡತಿಯ ಜೊತೆ ಹೊರಟುಹೋದವಳು ಅವನ ತಾಯಿ.